ಅಪ್ಪಂದಿರ ಊಟಿ ಟ್ರಿಪ್: ಮೊದಲು ವಾಪಸ್ ಬರೋ ಟೈಮ್ ಗೊತ್ತುಮಾಡಿ

ಎಲ್ರಿಗೂ ನಮಸ್ಕಾರ. ಮಕ್ಕಳ ಪರೀಕ್ಷೆ ಮುಗೀತಿದ್ದ ಹಾಗೆ ಮೈಸೂರಿಂದ ನಮ್ಮ ಥರ ಅಪ್ಪಂದಿರೇ ಸೇರ್ಕೊಂಡು ಊಟಿ, ವಯನಾಡು ಅಂತ ಹೊರಡೋರು ಗ್ರೂಪಲ್ಲಿ ತುಂಬ ಜನ ಇದ್ದೀರಿ. ಹೊರಡೋ ಟೈಮ್‌ಗಿಂತ ವಾಪಸ್ ಬರೋ ಟೈಮ್ ಮೊದಲು ಗೊತ್ತುಮಾಡ್ಕೊಳ್ಳಿ.

ಊಟಿಗೆ ಹೋಗೋ ಬಂಡೀಪುರದ ಕಾಡುರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಗುಂಡ್ಲುಪೇಟೆಯಿಂದ ವಯನಾಡಿಗೆ ಹೋಗೋ ರಸ್ತೆಗೂ ಇದೇ ನಿಯಮ. ವಯನಾಡಿಗೆ ಹೋಗೋ ಇನ್ನೊಂದು ದಾರಿ, ಎಚ್.ಡಿ. ಕೋಟೆ–ಬಾವಲಿ ರಸ್ತೆಯಂತೂ ಸಂಜೆ 6ಕ್ಕೇ ಮುಚ್ಚುತ್ತೆ. ಭಾನುವಾರ ಸಂಜೆ ಊಟಿಯಿಂದ ಇಳಿಯೋ ಗಾಡಿಗಳ ಸಾಲು ನೋಡಿದ್ರೆ, ಎಂಟೂವರೆಗೆ ಕಾಡಿನ ಗೇಟ್ ಮುಟ್ತೀವಿ ಅನ್ನೋ ಮ್ಯಾಪ್ ಲೆಕ್ಕ ನಂಬೋ ಹಾಗಿಲ್ಲ. ಊಟ ಮುಗಿಸಿ 2 ಗಂಟೆಗೇ ಬಿಟ್ಟುಬಿಡಿ. ಬೆಳಕಿರೋವಾಗಲೇ ಕಾಡು ದಾಟಬಹುದು, ಆ ಹೊತ್ತಲ್ಲಿ ರಸ್ತೆ ಬದಿ ಜಿಂಕೆ ಹಿಂಡೂ ಕಾಣುತ್ತೆ. ಎಷ್ಟೇ ಆಸೆಯಾದ್ರೂ ಕಾರಿಂದ ಇಳಿಯೋದು, ತಿಂಡಿ ಎಸೆಯೋದು ಮಾತ್ರ ಬೇಡ.

ಘಾಟಿ ಇಳಿಯೋವಾಗ ಬ್ರೇಕ್ ಮೇಲೇ ಕಾಲಿಟ್ಟು ಕೂರಬೇಡಿ. ಹತ್ತಿದ ಗೇರಲ್ಲೇ ಇಳಿಸಿ. ಸುಟ್ಟ ವಾಸನೆ ಬಂದ್ರೆ ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ, ಚಕ್ರ ತಣ್ಣಗಾಗೋವರೆಗೆ ಕಾಯಿರಿ. ಮೈಸೂರಲ್ಲಿ ಬರೀ ಸಪಾಟು ರಸ್ತೆ ಓಡಿಸಿದವರಿಗೆ ಇದು ಖಂಡಿತ ಹೇಳಲೇಬೇಕು.

ಊಟಿ ಇರೋ ನೀಲಗಿರಿ ಜಿಲ್ಲೆಗೆ ಗಾಡಿ ಒಯ್ಯೋಕೆ ಬೇಕಾದ ಇ-ಪಾಸ್ (ಆನ್‌ಲೈನ್ ಅನುಮತಿ) ವಿಚಾರ ಹಿಂದಿನ ದಿನವೇ ನೋಡ್ಕೊಳ್ಳಿ. ಪ್ಲಾಸ್ಟಿಕ್ ನೀರಿನ ಬಾಟಲಿ ಅಲ್ಲಿ ನಿಷೇಧ, ಸ್ಟೀಲ್ ಬಾಟಲಿ ಇರಲಿ. ಖರ್ಚೆಲ್ಲ ಒಬ್ಬರ ಫೋನಿಂದಲೇ ಆಗಲಿ, ಲೆಕ್ಕ ಮನೆಗೆ ಬಂದ ಮೇಲೆ. ಸ್ಟೆಪ್ನಿಗೆ ಗಾಳಿ ಇದ್ಯಾ ಅಂತ ಇವತ್ತೇ ನೋಡಿಬಿಡಿ.