ಅಡ್ಲರ್ ಕ್ರಮದಲ್ಲಿ ಕೌನ್ಸೆಲಿಂಗ್ ಶುರು ಮಾಡುವುದು ಹೇಗೆ?

ಸೈಕಾಲಜಿ ಓದುವಾಗ ಅಡ್ಲರ್ ಅಂದ ಕೂಡಲೇ ಕೀಳರಿಮೆ, ಹುಟ್ಟಿದ ಕ್ರಮ (ಮನೆಯಲ್ಲಿ ಎಷ್ಟನೇ ಮಗು ಅನ್ನೋದು), ಜೀವನಶೈಲಿ (ಬದುಕನ್ನು ನೋಡುವ, ನಡೆಸುವ ರೀತಿ) ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿರುತ್ತೇವೆ. ಆದರೆ ಎದುರಿಗೆ ಒಬ್ಬರು ಬಂದು ಕೂತಾಗ ಏನು ಕೇಳಬೇಕು ಅನ್ನೋದು ಮುಖ್ಯ ಅಲ್ವಾ?

ವಿಯೆನ್ನಾದ ಡಾಕ್ಟರ್ ಆಲ್ಫ್ರೆಡ್ ಅಡ್ಲರ್ 1911ರಲ್ಲಿ, ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ಅವರ ಬಳಗ ಬಿಟ್ಟರು. ಹಿಂದೆ ಏನಾಯ್ತು ಅನ್ನುವುದಕ್ಕಿಂತ ಮನುಷ್ಯ ಎಲ್ಲಿಗೆ ಹೊರಟಿದ್ದಾನೆ ನೋಡಿ ಅನ್ನೋದು ಅವರ ವಾದ. ನೀವೂ ಅಲ್ಲಿಂದಲೇ ಶುರು ಮಾಡಿ.

ಬೆಳ್ತಂಗಡಿ ಕಡೆ ಕನ್ನಡ ಮೀಡಿಯಂ ಓದಿ ಮಂಗಳೂರಿನ ಕಾಲೇಜಿಗೆ ಬಂದ ಹುಡುಗ ಅಂತಿಟ್ಟುಕೊಳ್ಳಿ. ಸೆಮಿನಾರ್ ಇದ್ದ ದಿನವೇ ಅವನಿಗೆ ತಲೆನೋವು. "ಈ ತಲೆನೋವು ಇಲ್ಲದಿದ್ದರೆ ನೀನು ಏನು ಮಾಡ್ತಿದ್ದಿ?" ಅಂತ ಕೇಳಿ. ಇದು ಅಡ್ಲರ್ ಬಳಸುತ್ತಿದ್ದ ಪ್ರಶ್ನೆ. "ನೋವು ಹೋಗ್ತಿತ್ತು, ಅಷ್ಟೇ" ಅಂದರೆ ಕಾರಣ ದೇಹದಲ್ಲೇ ಇರಬಹುದು. "ಎಲ್ಲರ ಎದುರು ಮಾತಾಡ್ತಿದ್ದೆ" ಅಂದರೆ ಆ ನೋವು ಅವನನ್ನು ಯಾವುದರಿಂದ ಕಾಪಾಡುತ್ತಿದೆ ಅನ್ನುವ ಸುಳಿವು ಸಿಕ್ಕಿತು. ನಾಟಕ ಅಂತ ಮಾತ್ರ ತಿಳಿಯಬೇಡಿ, ನೋವು ನಿಜವೇ. ಉತ್ತರ ಏನೇ ಬಂದರೂ ಡಾಕ್ಟರಿಗೆ ತೋರಿಸಲು ಹೇಳಿ.

ಆಮೇಲೆ ಬಾಲ್ಯದ ನೆನಪು ಕೇಳಿ. ಇದಕ್ಕೆ ಸಮಯ ಜಾಸ್ತಿ ಕೊಡಿ. ತುಳು, ಕೊಂಕಣಿ, ಬ್ಯಾರಿ, ಮನೆಯಲ್ಲಿ ಯಾವುದು ಆಡುತ್ತಾರೋ ಅದರಲ್ಲೇ ಹೇಳಲಿ, ಯಾಕೆಂದರೆ ಆಗಿನ ಭಾವನೆ ಆ ಮಾತಿನಲ್ಲೇ ಸಲೀಸಾಗಿ ಬರುತ್ತದೆ. "ಪ್ರತಿವರ್ಷ ಜಾತ್ರೆಗೆ ಹೋಗ್ತಿದ್ದೆವು" ಅಂದರೆ ಸಾಲದು. "ಒಂದು ಸಲ ಜಾತ್ರೆಯಲ್ಲಿ ಅಮ್ಮನ ಕೈ ತಪ್ಪಿತು" ಅನ್ನುವಂಥ ಒಂದೇ ಘಟನೆ ಬೇಕು. ಆಗ ಏನನಿಸಿತು ಅಂತ ತಪ್ಪದೆ ಕೇಳಿ. ಅದು ನಡೆದದ್ದು ಹಾಗೆಯೋ ಅಲ್ಲವೋ, ಅದು ಮುಖ್ಯ ಅಲ್ಲ. ಸಾವಿರ ಘಟನೆಗಳಲ್ಲಿ ಅದನ್ನೇ ಇಟ್ಟುಕೊಂಡಿದ್ದಾರಲ್ಲ, ಇವತ್ತು ಬದುಕನ್ನು ಹೇಗೆ ನೋಡುತ್ತಾರೆ ಅನ್ನೋದು ಅಲ್ಲಿ ಕಾಣುತ್ತದೆ.

ಹುಟ್ಟಿದ ಕ್ರಮವನ್ನು ಜಾತಕದ ಹಾಗೆ ಓದಬೇಡಿ. ಅಣ್ಣ ಗಲ್ಫ್‌ನಿಂದ ದುಡ್ಡು ಕಳಿಸುವ ಮನೆಯಲ್ಲಿ ತನಗೆ ಯಾವ ಜಾಗ ಉಳಿಯಿತು ಅಂತ ತಮ್ಮ ಅಂದುಕೊಂಡಿದ್ದಾನೆ? ಅದನ್ನು ಕೇಳಿ.

ನಿಮಗೆ ಅನಿಸಿದ್ದನ್ನು ತೀರ್ಪಿನ ಹಾಗೆ ಹೇಳಬೇಡಿ. "ತಪ್ಪು ಮಾಡಿದರೆ ಎಲ್ಲರೂ ಕೈಬಿಡ್ತಾರೆ ಅಂತ ಅನಿಸ್ತದಾ?" ಅಂತ ಕೇಳಿ, ಅಲ್ಲ ಅಂದರೆ ಒಪ್ಪಿಕೊಳ್ಳಿ.

ಕೊನೆಗೆ ಒಂದು ಸಣ್ಣ ಕೆಲಸ ಕೊಡಿ. ಧೈರ್ಯ ಇದ್ದವನ ಹಾಗೆ ಒಂದು ವಾರ ಕ್ಲಾಸಿನಲ್ಲಿ ಒಂದೊಂದು ಪ್ರಶ್ನೆ ಕೇಳಲಿ. ಊರಿನಿಂದ ಹೊಸದಾಗಿ ಬಂದ ಜೂನಿಯರ್‌ಗೆ ಓದಿನಲ್ಲಿ ಸಹಾಯ ಮಾಡಲಿ. ನಾಲ್ಕು ಜನರ ಜೊತೆ ಸೇರಿಕೊಂಡಷ್ಟೂ ಮನಸ್ಸು ಗಟ್ಟಿಯಾಗುತ್ತದೆ ಅಂತ ಅಡ್ಲರ್ ನಂಬಿದ್ದರು, ನಾನೂ ನಂಬುತ್ತೇನೆ. ಮುಂದಿನ ಸಲ ಬಂದಾಗ ಎಷ್ಟು ಚೆನ್ನಾಗಿ ಮಾಡಿದ ಅಂತ ಅಳೆಯಬೇಡಿ, ಪ್ರಯತ್ನ ಮಾಡಿದ್ದನ್ನು ಗುರುತಿಸಿ. ಮಾಡಲಿಲ್ಲ ಅಂದರೆ ಸುಮ್ನೆ ಬೈಯಬೇಡಿ, ಇನ್ನೂ ಸಣ್ಣ ಕೆಲಸ ಕೊಡಿ.