ನಿಂತುಹೋದ ಅಂಗವಿಕಲ ವೇತನದ ಬಾಕಿಯನ್ನು ಕೇಳುವ ಕ್ರಮ

ಉಡುಪಿ ಜಿಲ್ಲೆಯಲ್ಲಿ ಅಂಗವಿಕಲ ವೇತನವು ಕೆಲವು ತಿಂಗಳು ನಿಂತು ಮತ್ತೆ ಆರಂಭವಾಗಿದ್ದರೆ, ಪಾಸ್‌ಬುಕ್ಕಿನಲ್ಲಿ ಹಣ ಬಾರದ ತಿಂಗಳುಗಳನ್ನು ಗುರುತಿಸಿ, ಮಂಜೂರಾತಿ ಆದೇಶದ ಪ್ರತಿಯೊಂದಿಗೆ ತಹಶೀಲ್ದಾರರಿಗೆ ಲಿಖಿತ ಮನವಿ ಸಲ್ಲಿಸಬೇಕು. ಬಾಯಿಮಾತಿನ ವಿಚಾರಣೆಗೆ ದಾಖಲೆ ಉಳಿಯುವುದಿಲ್ಲವಾದ್ದರಿಂದ ಸ್ವೀಕೃತಿ ಮುದ್ರೆ ಪಡೆಯದೆ ಕಚೇರಿಯಿಂದ ಹೊರಡಬಾರದು.

ಉತ್ತರ ಬಾರದಿದ್ದಲ್ಲಿ, ನನ್ನ ಅಭಿಪ್ರಾಯದಲ್ಲಿ, 2005ರ ಮಾಹಿತಿ ಹಕ್ಕು ಕಾಯ್ದೆಯೇ ಹೆಚ್ಚು ಪರಿಣಾಮಕಾರಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಏಕೆ ಕೊಟ್ಟಿಲ್ಲವೆಂದು ಪ್ರಶ್ನಿಸುವ ಬದಲು, ವೇತನ ತಡೆಹಿಡಿದ ಆದೇಶದ ಪ್ರತಿ, ಸಹಿ ಹಾಕಿದ ಅಧಿಕಾರಿಯ ಪದನಾಮ ಮತ್ತು ಕಡತದ ಟಿಪ್ಪಣಿ ಹಾಳೆಗಳನ್ನು ಕೇಳಬೇಕು, ಏಕೆಂದರೆ ಈ ಕಾಯ್ದೆಯಡಿ ದೊರೆಯುವುದು ದಾಖಲೆಯೇ ಹೊರತು ವಿವರಣೆಯಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು. 30 ದಿನಗಳಲ್ಲಿ ಮಾಹಿತಿ ಸಿಗದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಗೂ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಡಿ ನೇಮಕವಾಗುವ ರಾಜ್ಯ ಆಯುಕ್ತರಿಗೂ ದೂರು ನೀಡಲು ಅವಕಾಶವಿದೆ.

ಮಾಜಿ ಸೈನಿಕರ ಅಂಗವೈಕಲ್ಯ ಪಿಂಚಣಿಯ ದಾರಿ ಬೇರೆ: ದೂರನ್ನು ರಕ್ಷಣಾ ಪಿಂಚಣಿಗಳ ‘ಸ್ಪರ್ಶ್’ ಜಾಲತಾಣದಲ್ಲಿ ದಾಖಲಿಸಬೇಕು. ಇಲ್ಲಿ ವಿಳಂಬ ದುಬಾರಿ. ತಡವಾಗಿ ನ್ಯಾಯಾಲಯದ ಮೆಟ್ಟಿಲೇರಿದ ಇಂಥ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಬಾಕಿಯನ್ನು ಅರ್ಜಿಗೆ ಹಿಂದಿನ 3 ವರ್ಷಗಳಿಗಷ್ಟೇ ಸೀಮಿತಗೊಳಿಸಿತು.