ಹಳೆ ಪೋರ್ಷೆ ಟರ್ಬೊಗೆ ಹೊಸ ಕ್ಯಾಮ್‌ಶಾಫ್ಟ್: ಗುರುತು ನೋಡಿ ಕೂರಿಸಿದರೆ ಸಾಲದು, ಅಳೆಯಬೇಕು

ದುಡ್ಡು ಸುರಿದು ಹೊಸ ಕ್ಯಾಮ್ (ವಾಲ್ವ್‌ಗಳನ್ನು ತೆರೆದು ಮುಚ್ಚುವ ಶಾಫ್ಟ್) ಹಾಕಿಸಿ, ಆಮೇಲೆ ಕಾರು ಮೊದಲಿಗಿಂತ ಮಂಕಾಯಿತು ಎಂದು ಗೊಣಗುವವರನ್ನು ಸಾಕಷ್ಟು ನೋಡಿದ್ದೇನೆ. ಬಹುತೇಕ ಸಲ ಕಾರಣ ಎರಡರಲ್ಲಿ ಒಂದು. ಟರ್ಬೊ ಎಂಜಿನ್‌ಗೆ ಒಗ್ಗದ ಕ್ಯಾಮ್ ಆರಿಸಿರುತ್ತಾರೆ, ಇಲ್ಲವೇ ಟೈಮಿಂಗ್, ಅಂದರೆ ವಾಲ್ವ್ ಯಾವಾಗ ಎಷ್ಟು ತೆರೆಯುತ್ತದೆ ಎಂಬುದನ್ನು ಅಳೆಯದೆ ಗುರುತಿಗೆ ಗುರುತು ಸೇರಿಸಿ ಕೈತೊಳೆದುಕೊಂಡಿರುತ್ತಾರೆ. ಇಲ್ಲಿ ಪೋರ್ಷೆ 911 ಟರ್ಬೊವನ್ನೇ ಇಟ್ಟುಕೊಂಡು ಹೇಳುತ್ತೇನೆ. ಗೊತ್ತಿರುವವರು 930 ಎನ್ನುವುದು ಇದನ್ನೇ. 1975ರಿಂದ 1989ರವರೆಗೆ ಬಂದ ಕಾರು, ಗಾಳಿಯಿಂದ ತಣಿಯುವ ಆರು ಸಿಲಿಂಡರ್, ಒಂದೊಂದು ಕಡೆ ಮೂರು, ಕಡೆಗೊಂದು ಕ್ಯಾಮ್.

ಮೊದಲು ಆಯ್ಕೆ

ಮೊದಲ 3.0 ಲೀಟರ್ ಎಂಜಿನ್ 260 ಅಶ್ವಶಕ್ತಿ ಕೊಡುತ್ತಿತ್ತು. 1978ರಲ್ಲಿ ಇಂಟರ್‌ಕೂಲರ್ ಜೊತೆ ಬಂದ 3.3 ಲೀಟರ್‌ನದು 300. ಎರಡರಲ್ಲೂ ಕಂಪ್ರೆಷನ್ ಕಡಿಮೆ, 6.5 ಮತ್ತು 7.0. ಕ್ಯಾಮ್ ಕೂಡ ತುಂಬ ಸೌಮ್ಯ. ಅದಕ್ಕೇ ಎಲ್ಲರ ಕಣ್ಣು ಕ್ಯಾಮ್ ಮೇಲೆ ಬೀಳುತ್ತದೆ.

ಆದರೆ ಟರ್ಬೊ ಎಂಜಿನ್‌ಗೆ ದೊಡ್ಡ ಕ್ಯಾಮ್ ಎಂದರೆ ಒಳ್ಳೆಯ ಕ್ಯಾಮ್ ಅಂತ ಅರ್ಥವಲ್ಲ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವ್ ಎರಡೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿದ್ದರೆ ಲಾಭ. ಹೊರಗೆ ಓಡುವ ಹೊಗೆ ತನ್ನ ಹಿಂದೆ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಇದೇ ಓವರ್‌ಲ್ಯಾಪ್. ಟರ್ಬೊ ಎಂಜಿನ್‌ನಲ್ಲಿ ಹೊಗೆಯ ದಾರಿಗೆ ಟರ್ಬೈನ್ ಅಡ್ಡ ಇದೆ, ಅಲ್ವಾ? ಅದರ ಹಿಂದೆ ಒತ್ತಡ ಕಟ್ಟುತ್ತದೆ. ಎಷ್ಟೋ ಸಲ ಆ ಒತ್ತಡ ಬೂಸ್ಟ್‌ಗಿಂತಲೂ, ಅಂದರೆ ಟರ್ಬೊ ಒಳಗೆ ತಳ್ಳುವ ಗಾಳಿಯ ಒತ್ತಡಕ್ಕಿಂತಲೂ, ಜಾಸ್ತಿ ಇರುತ್ತದೆ. ಆ ಹೊತ್ತಲ್ಲಿ ಎರಡೂ ವಾಲ್ವ್ ತೆರೆದರೆ ಬಿಸಿ ಹೊಗೆ ಸಿಲಿಂಡರ್‌ಗೇ ವಾಪಸ್ ನುಗ್ಗುತ್ತದೆ. ಶಕ್ತಿ ಹೋಯಿತು, ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿಯುವುದು) ಬಂತು.

ಇನ್ನೊಂದು ತೊಂದರೆ ಕೆ-ಜೆಟ್ರಾನಿಕ್, ಅಂದರೆ ಈ ಕಾರಿನ ಯಾಂತ್ರಿಕ ಪೆಟ್ರೋಲ್ ಇಂಜೆಕ್ಷನ್. ಒಳಬರುವ ಗಾಳಿ ಒಂದು ತಟ್ಟೆಯನ್ನು ಎತ್ತುತ್ತದೆ, ಆ ತಟ್ಟೆ ಎಷ್ಟು ಎದ್ದಿತೋ ಅಷ್ಟು ಪೆಟ್ರೋಲ್. ಓವರ್‌ಲ್ಯಾಪ್ ಜಾಸ್ತಿಯಾದರೆ ಐಡಲ್‌ನಲ್ಲಿ ಗಾಳಿ ಹಿಂದೆ ಮುಂದೆ ತುಯ್ದು ತಟ್ಟೆ ನಡುಗುತ್ತದೆ. ಕಾರು ಸಿಗ್ನಲ್‌ನಲ್ಲಿ ನಿಲ್ಲಲಾರದು, ಕುಂಟುತ್ತದೆ. ಹಾಗಾಗಿ ಕೆ-ಜೆಟ್ರಾನಿಕ್ ಉಳಿಸಿಕೊಳ್ಳುವವರು 964 ಗ್ರೈಂಡ್ ಅಥವಾ ಎಸ್‌ಸಿ ಗ್ರೈಂಡ್ (964, ಎಸ್‌ಸಿ ಎಂಬ ಬೇರೆ 911 ಮಾದರಿಗಳ ಕ್ಯಾಮ್‌ನ ಆಕಾರ) ದಾಟಬೇಡಿ. ನನ್ನ ಮಟ್ಟಿಗೆ 964. ರಸ್ತೆ ಕಾರಿಗೆ ಅದಕ್ಕಿಂತ ಮೇಲೆ ಹೋಗುವವರು ಮೊದಲು ಎಲೆಕ್ಟ್ರಾನಿಕ್ ಇಂಜೆಕ್ಷನ್ ಹಾಕಿಸಲಿ. ಟರ್ಬೊ ತಡವಾಗಿ ಏಳುತ್ತದೆ ಎಂಬ ಕಾರಣಕ್ಕೆ ಕ್ಯಾಮ್ ಬದಲಿಸುವವರಿಗೂ ಒಂದು ಮಾತು: ಆ ಕಾಯಿಲೆಗೆ ಇದು ಮದ್ದಲ್ಲ. ಎಕ್ಸಾಸ್ಟ್ ಮತ್ತು ಟರ್ಬೊ ಕಡೆ ನೋಡಿ.

ಕೊಳ್ಳುವಾಗ ಎರಡು ವಿಷಯದಲ್ಲಿ ಪಟ್ಟು ಹಿಡಿಯಿರಿ. ಒಂದು, ಕ್ಯಾಮ್ ಜೊತೆ ಅಳತೆಯ ಕಾರ್ಡ್ ಇರಲೇಬೇಕು. 'ಸ್ಟೇಜ್ 2', 'ಸ್ಟೇಜ್ 3' ಅಂತ ಡಬ್ಬಿ ಮೇಲೆ ಬರೆದು ಒಳಗೆ ಕಾರ್ಡ್ ಇಡದವರ ಮಾಲು ವಾಪಸ್ ಕಳಿಸಿ. ಎರಡು, ಎಡಗಡೆ ಕ್ಯಾಮ್. 930ರಲ್ಲಿ ಟರ್ಬೊದಿಂದ ಆಯಿಲ್ ವಾಪಸ್ ಎಳೆಯುವ ಪಂಪು ಎಡ ಕ್ಯಾಮ್‌ನ ತುದಿಯಿಂದ ತಿರುಗುತ್ತದೆ. ಟರ್ಬೊ ಇಲ್ಲದ 911ರ ಕ್ಯಾಮ್‌ನಲ್ಲಿ ಆ ಏರ್ಪಾಡು ಇರುವುದಿಲ್ಲ. ಸುಮ್ನೆ ತಂದು ಹಾಕಿದರೆ ಪಂಪು ನಿಲ್ಲುತ್ತದೆ, ಟರ್ಬೊದಲ್ಲಿ ಆಯಿಲ್ ತುಂಬುತ್ತದೆ, ಹಿಂದೆ ನೀಲಿ ಹೊಗೆಯ ಮೋಡ. ಪಂಪಿಗೆ ಬೇಕಾದಂತೆ ತುದಿ ಕೊರೆದ ಕ್ಯಾಮ್ ಎಂದು ಕೇಳಿಯೇ ತೆಗೆದುಕೊಳ್ಳಿ.

ಬಿಚ್ಚುವುದು

ಎಂಜಿನ್ ಕೆಳಗಿಳಿಸಿ. ಕಾರಿನಲ್ಲೇ ಇಟ್ಟು ಮಾಡುತ್ತೇನೆ ಎನ್ನುವವರ ಜೊತೆ ವಾದ ಬೇಡ, ಆದರೆ ಡಯಲ್ ಗೇಜ್ (ಸಣ್ಣ ಚಲನೆ ಅಳೆಯುವ ಮುಳ್ಳಿನ ಮಾಪಕ) ನೆಟ್ಟಗೆ ನಿಲ್ಲಿಸಲು ಅಲ್ಲಿ ಜಾಗವಿಲ್ಲ. ಎಕ್ಸಾಸ್ಟ್ ನಟ್‌ಗಳಿಗೆ ಹಿಂದಿನ ದಿನವೇ ಪೆನಿಟ್ರೇಟಿಂಗ್ ಆಯಿಲ್ ಹೊಡೆದಿಡಿ. ಬರದಿದ್ದರೆ ಬಿಸಿ ಮಾಡಿ. ಉದ್ದ ಪೈಪ್ ಸಿಕ್ಕಿಸಿ ಜಗ್ಗಿದರೆ ಸ್ಟಡ್ ಮುರಿದು, ಕ್ಯಾಮ್ ಕೆಲಸ ಹೆಡ್ ಕೆಲಸವಾಗುತ್ತದೆ.

ಟರ್ಬೊ, ವಾಲ್ವ್ ಕವರ್, ಚೈನ್ ಕವರ್, ಟೆನ್ಷನರ್ (ಚೈನ್ ಬಿಗಿಯಾಗಿಡುವುದು), ರಾಕರ್ (ಕ್ಯಾಮ್‌ನ ಒತ್ತನ್ನು ವಾಲ್ವ್‌ಗೆ ಮುಟ್ಟಿಸುವ ಸನ್ನೆ) ಈ ಕ್ರಮದಲ್ಲಿ ಹೊರಗೆ. ಕ್ಯಾಮ್ ಚೈನ್ ಇರುವ ಕಡೆಯಿಂದಲೇ ಜಾರಿ ಬರುತ್ತದೆ.

ರಾಕರ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ಕ್ಯಾಮ್ ಉಜ್ಜುವ ಮೈ ಮೇಲೆ ಗುಳಿ, ಗೀರು, ಉಗುರಿಗೆ ಸಿಗುವ ಮೆಟ್ಟಿಲು ಕಂಡರೆ ಅದನ್ನು ಹೊಸ ಕ್ಯಾಮ್ ಮೇಲೆ ಓಡಿಸಬಾರದು. ಹೊಸದು ಹಾಕಿ, ಇಲ್ಲವೇ ಮೈ ಮತ್ತೆ ಗ್ರೈಂಡ್ ಮಾಡಿಸಿ. ಹಳೆಯ ಟೆನ್ಷನರ್ ಇದ್ದರೆ ಅದನ್ನೂ ಇದೇ ಸಲ ತೆಗೆದು, 1984ರ ಕರೇರಾ ಜೊತೆ ಬಂದ ಆಯಿಲ್ ಒತ್ತಡದ ಟೆನ್ಷನರ್ ಹಾಕಿ. ಚೈನ್ ಜಿಗಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ.

ಕೂರಿಸುವುದು

ಕ್ಯಾಮ್ ಲೋಬ್‌ಗಳಿಗೆ (ರಾಕರ್ ತಳ್ಳುವ ಉಬ್ಬುಗಳು) ಮಾಲಿಬ್ಡಿನಂ ಇರುವ ಅಸೆಂಬ್ಲಿ ಪೇಸ್ಟ್ ಧಾರಾಳವಾಗಿ ಸವರಿ, ಬೇರಿಂಗ್‌ಗಳಿಗೆ ಆಯಿಲ್. ತಿರುಗಿಸುತ್ತಾ ಒಳಗೆ ಜಾರಿಸಿ. ಕೈಯಲ್ಲಿ ಸಲೀಸಾಗಿ ತಿರುಗಬೇಕು. ಚೈನ್ ಓಡುವ ಸ್ಪ್ರಾಕೆಟ್‌ಗಳು ಒಂದೇ ಸಾಲಿನಲ್ಲಿವೆಯೇ ಎಂದು ಸ್ಟ್ರೇಟ್ ಎಡ್ಜ್ ಹಿಡಿದು ನೋಡಿ. ವ್ಯತ್ಯಾಸ 0.25 ಮಿ.ಮೀ. ಮೀರಿದರೆ ಶಿಮ್ ಸೇರಿಸಿ ಅಥವಾ ತೆಗೆಯಿರಿ. ಈ ಕೆಲಸ ಮಾಡುವವರೇ ಕಡಿಮೆ, ಯಾಕೋ ಗೊತ್ತಿಲ್ಲ.

ಟೈಮಿಂಗ್: ಇಲ್ಲಿ ಅವಸರ ಬೇಡ

ಕ್ರ್ಯಾಂಕ್ ಪುಲ್ಲಿ ಮೇಲೆ Z1 ಎಂಬ ಗುರುತಿದೆ, ಒಂದನೇ ಪಿಸ್ಟನ್ ತೀರಾ ಮೇಲೆ ಬರುವ ಜಾಗ ಅದು. ಅದನ್ನು ಕೇಸಿನ ಸಂದಿಗೆ ನೇರ ತಂದು, ಎರಡೂ ಕ್ಯಾಮ್‌ನ ಗುರುತು ಆಕಾಶ ನೋಡುವಂತೆ ಇಟ್ಟು ಚೈನ್ ಹಾಕುವುದು ಆರಂಭ ಮಾತ್ರ. ಕೆಡುವುದು ಇಲ್ಲೇ. ಗುರುತು ಸರಿ ಇದೆಯಲ್ಲ ಎಂದು ಪಿನ್ ತಳ್ಳಿ ನಟ್ ಬಿಗಿದು ಮುಂದೆ ಹೋಗುತ್ತಾರೆ. ಗುರುತು ಹೇಳುವುದು ಅಂದಾಜು ಜಾಗ. ನಮಗೆ ಬೇಕಿರುವುದು ಮಿಲಿಮೀಟರಿನ ಹತ್ತನೇ ಭಾಗದ ಲೆಕ್ಕ.

ಈಗ ಎಲ್ಲ ರಾಕರ್ ಹಾಕಬೇಡಿ. ಎಡಗಡೆಯ ಒಂದನೇ ಸಿಲಿಂಡರಿನ ಇನ್‌ಟೇಕ್ ರಾಕರ್ ಒಂದೇ ಸಾಕು. ಉಳಿದ ವಾಲ್ವ್‌ಗಳು ಮುಚ್ಚಿರುವುದರಿಂದ ಕ್ಯಾಮ್ ತಿರುಗಿಸುವಾಗ ಅವು ಪಿಸ್ಟನ್‌ಗೆ ತಾಗುವ ಭಯ ಇರುವುದಿಲ್ಲ. ಆ ರಾಕರ್‌ಗೂ ವಾಲ್ವ್‌ಗೂ ನಡುವಿನ ಸಂದನ್ನು ಫೀಲರ್ ಗೇಜ್‌ನಲ್ಲಿ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಸರಿಯಾಗಿ 0.10 ಮಿ.ಮೀ.ಗೆ ಇಡಿ. ಇಲ್ಲಿ ತಪ್ಪಿದರೆ ಮುಂದಿನ ಅಳತೆಯೆಲ್ಲ ಸುಳ್ಳು.

ಹೈಡ್ರಾಲಿಕ್ ಟೆನ್ಷನರ್‌ಗೆ ಈ ಹೊತ್ತಲ್ಲಿ ಆಯಿಲ್ ಒತ್ತಡ ಇಲ್ಲ, ಚೈನ್ ಸಡಿಲ. ಆದ್ದರಿಂದ ಸ್ಕ್ರೂ ಇರುವ ಮೆಕ್ಯಾನಿಕಲ್ ಟೆನ್ಷನರ್ ಹಾಕಿ ಚೈನ್ ಬಿಗಿ ಮಾಡಿ. ಮರದ ತುಂಡು ಸಿಕ್ಕಿಸುವವರಿದ್ದಾರೆ. ಅದು ಜಾರುತ್ತದೆ, ಜಾರಿದ್ದು ನಿಮಗೆ ಗೊತ್ತೂ ಆಗುವುದಿಲ್ಲ.

ಡಯಲ್ ಗೇಜ್‌ನ ಕಡ್ಡಿಯ ತುದಿಯನ್ನು ವಾಲ್ವ್ ಸ್ಪ್ರಿಂಗ್‌ನ ಮೇಲಿನ ತಟ್ಟೆಗೆ ತಾಗಿಸಿ, ವಾಲ್ವ್ ಚಲಿಸುವ ದಿಕ್ಕಿಗೇ ನೆಟ್ಟಗೆ ನಿಲ್ಲಿಸಿ. ವಾರೆಯಾದರೆ ಓದು ತಪ್ಪುತ್ತದೆ. ವಾಲ್ವ್ ಕೆಳಗಿಳಿದಂತೆ ಗೇಜ್ ಹಿಂಬಾಲಿಸಬೇಕು, ಹಾಗಾಗಿ ಮೊದಲೇ 10 ಮಿ.ಮೀ. ಒತ್ತಿಟ್ಟು ಸೊನ್ನೆಗೆ ತನ್ನಿ. ಅಷ್ಟು ಓಟವಿಲ್ಲದ ಅಗ್ಗದ ಗೇಜ್ ಕೊಂಡರೆ ಇಲ್ಲೇ ಕೈ ಕೊಡುತ್ತದೆ.

ಈಗ ಪುಲ್ಲಿಯನ್ನು ಗಡಿಯಾರದ ದಿಕ್ಕಿನಲ್ಲಿ ನಿಧಾನ ಒಂದು ಪೂರ್ತಿ ಸುತ್ತು ತಿರುಗಿಸಿ ಮತ್ತೆ Z1ಗೆ ತನ್ನಿ. ಗುರುತು ದಾಟಿತು ಅಂತ ಕೂದಲೆಳೆಯಷ್ಟು ಹಿಂದೆ ತಿರುಗಿಸಿ ಸರಿಮಾಡಬೇಡಿ. ಹಾಗೆ ಮಾಡಿದರೆ ಚೈನಿನ ಸಡಿಲವೆಲ್ಲ ಅಳತೆಗೆ ಸೇರುತ್ತದೆ. ಚೆನ್ನಾಗಿ ಹಿಂದೆ ಹೋಗಿ, ಮತ್ತೆ ಮುಂದಕ್ಕೆ ಬನ್ನಿ. Z1ನಲ್ಲಿ ನಿಂತಾಗ ಗೇಜ್ ತೋರಿಸುವುದೇ ಓವರ್‌ಲ್ಯಾಪ್‌ನಲ್ಲಿ ಇನ್‌ಟೇಕ್ ವಾಲ್ವ್ ಎಷ್ಟು ತೆರೆದಿದೆ ಎಂಬ ಲೆಕ್ಕ. ಕಾರ್ಡಿನಲ್ಲಿ 1.26 ಮಿ.ಮೀ. ಎಂದಿದ್ದರೆ ಇಲ್ಲೂ 1.26 ಬರಬೇಕು. ಹಳೆ ಕ್ಯಾಮ್‌ನ ಸಂಖ್ಯೆ, ಗೆಳೆಯನ ಕಾರಿನ ಸಂಖ್ಯೆ ಯಾವುದೂ ಲೆಕ್ಕಕ್ಕಿಲ್ಲ.

ಮೊದಲ ಸಲವೇ ಸರಿ ಬರುವುದು ಅಪರೂಪ. ನಟ್ ಸಡಿಲಿಸಿ, ಸ್ಪ್ರಾಕೆಟ್‌ನ ಪಿನ್ ಹೊರಗೆಳೆಯಿರಿ. ಪಿನ್ ಒಳಗೆ ಎಳೆ ಇದೆ, ಬೋಲ್ಟ್ ಸಿಕ್ಕಿಸಿದರೆ ಬರುತ್ತದೆ. ಕ್ರ್ಯಾಂಕ್ ಅಲುಗದಂತೆ ನೋಡಿಕೊಂಡು, ಹೋಲ್ಡರ್‌ನಿಂದ ಕ್ಯಾಮ್ ಮಾತ್ರ ತಿರುಗಿಸಿ ಗೇಜ್‌ನಲ್ಲಿ ಬೇಕಾದ ಸಂಖ್ಯೆ ತನ್ನಿ. ಸ್ಪ್ರಾಕೆಟ್ ಮತ್ತು ಅದರ ಹಿಂದಿನ ಫ್ಲ್ಯಾಂಜ್‌ನ ತೂತುಗಳ ಎಣಿಕೆ ಬೇರೆ ಬೇರೆ. ಅದಕ್ಕೇ ಒಂದು ತೂತು ಮಾತ್ರ ನೇರ ಸಿಗುತ್ತದೆ. ಟಾರ್ಚ್ ಹಿಡಿದು ಹುಡುಕಿ, ಪಿನ್ ಅಲ್ಲಿಗೆ ತಳ್ಳಿ. ಸುತ್ತಿಗೆಯಲ್ಲಿ ಬಡಿದು ಪಕ್ಕದ ತೂತಿಗೆ ಒಗ್ಗಿಸಬೇಡಿ.

ನಟ್ ಇರುವ ಕ್ಯಾಮ್ ಆದರೆ 150 ನ್ಯೂಟನ್ ಮೀಟರ್, ಬೋಲ್ಟ್ ಇರುವುದಾದರೆ 120. ಬಿಗಿಯುವಾಗ ಹೋಲ್ಡರ್ ಕ್ಯಾಮ್‌ಗೇ ಇರಲಿ, ಬಲವೆಲ್ಲ ಚೈನ್ ಮೇಲೆ ಬೀಳಬಾರದು. ಆಮೇಲೆ ಪುಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ ಮತ್ತೆ ಓದಿ. ಬಿಗಿದ ಮೇಲೆ ಸಂಖ್ಯೆ ಜರುಗುವುದು ಮಾಮೂಲು. ಜರುಗಿದರೆ ಬಿಚ್ಚಿ, ಮತ್ತೆ ಮಾಡಿ.

ಎಡಗಡೆ ಮುಗಿದ ಮೇಲೆ ಬಲಗಡೆ. ಅಲ್ಲಿ ಅಳೆಯಬೇಕಾದ್ದು ನಾಲ್ಕನೇ ಸಿಲಿಂಡರ್, ಮತ್ತು ಅದರ ಓವರ್‌ಲ್ಯಾಪ್ ಬರುವುದು ಕ್ರ್ಯಾಂಕ್ ಇನ್ನೊಂದು ಸುತ್ತು ಹೋದ ಮೇಲೆ. ಎರಡೂ ಕಡೆ ಒಂದೇ ಸಂಖ್ಯೆ ಬರಲಿ. ಒಂದು ಕಡೆ ಮಿತಿಯ ಕೆಳ ತುದಿ, ಇನ್ನೊಂದು ಕಡೆ ಮೇಲ್ತುದಿ ಇದ್ದರೆ ಪುಸ್ತಕದ ಪ್ರಕಾರ ಪಾಸು, ನನ್ನ ಪ್ರಕಾರ ಫೇಲು.

ವಾಲ್ವ್‌ಗೂ ಪಿಸ್ಟನ್‌ಗೂ ನಡುವಿನ ಜಾಗವನ್ನೂ ಈಗಲೇ ನೋಡಿ. ಎಕ್ಸಾಸ್ಟ್ ವಾಲ್ವ್ ತೀರಾ ಹತ್ತಿರ ಬರುವುದು ಓವರ್‌ಲ್ಯಾಪ್‌ಗೆ ಸುಮಾರು 10 ಡಿಗ್ರಿ ಮೊದಲು, ಇನ್‌ಟೇಕ್ 10 ಡಿಗ್ರಿ ನಂತರ. ಅಲ್ಲಿ ನಿಲ್ಲಿಸಿ, ಅಡ್ಜಸ್ಟರ್ ಸ್ಕ್ರೂ ಒಳಗೆ ತಿರುಗಿಸುತ್ತಾ ವಾಲ್ವ್ ಪಿಸ್ಟನ್‌ಗೆ ತಾಗುವವರೆಗೆ ಗೇಜ್ ಎಷ್ಟು ಓಡಿತು ನೋಡಿ. ಇನ್‌ಟೇಕ್‌ಗೆ 1.5, ಎಕ್ಸಾಸ್ಟ್‌ಗೆ 2 ಮಿ.ಮೀ.ಗಿಂತ ಕಡಿಮೆ ಇದ್ದರೆ ಎಂಜಿನ್ ಮುಚ್ಚಬೇಡಿ.

ಉಳಿದ ರಾಕರ್‌ಗಳು

ರಾಕರ್ ಶಾಫ್ಟ್‌ನ ಎರಡೂ ತುದಿಯಲ್ಲಿ ತೋಡು ಇದೆ. ಅದು ಗೋಡೆಯ ಒಳಗೆ ನಡುವಿಗೆ ಬರಬೇಕು. ರಾಕರ್ ಮತ್ತು ಗೋಡೆಯ ಸಂದಿಯಲ್ಲಿ ಫೀಲರ್ ಇಟ್ಟು ಶಾಫ್ಟ್ ತಳ್ಳಿ. ಫೀಲರ್ ತೋಡಿಗೆ ಬಿದ್ದು ಸಿಕ್ಕಿಕೊಂಡಾಗ ಅದನ್ನು ತೆಗೆದು ಇನ್ನು 1.5 ಮಿ.ಮೀ. ತಳ್ಳಿ, 18 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ಆಯಿಲ್ ಜಿನುಗದಿರಲಿ ಅಂತ ಸಿಲಿಕೋನ್ ಮೆತ್ತುವುದು ಬೇಡ, ಉದುರಿದ ಚೂರು ಆಯಿಲ್ ದಾರಿ ಮುಚ್ಚುತ್ತದೆ. ಆ ತೋಡಿಗೆಂದೇ ಸಣ್ಣ ರಬ್ಬರ್ ಸೀಲ್ ಸಿಗುತ್ತದೆ, ಅದನ್ನು ಹಾಕಿ. ಹನ್ನೆರಡೂ ವಾಲ್ವ್‌ಗೆ 0.10 ಮಿ.ಮೀ. ಸಂದು, ಎಂಜಿನ್ ತಣ್ಣಗಿರುವಾಗ. ಸಿಲಿಂಡರ್‌ಗಳ ಕ್ರಮ 1-6-2-4-3-5.

ಮೊದಲ ಸ್ಟಾರ್ಟ್

ಇಗ್ನಿಷನ್ ಮತ್ತು ಫ್ಯೂಯೆಲ್ ಪಂಪ್ ಕಟ್ ಮಾಡಿ, ಆಯಿಲ್ ಒತ್ತಡ ಮುಳ್ಳು ಏಳುವವರೆಗೆ ಸ್ಟಾರ್ಟರ್‌ನಲ್ಲೇ ತಿರುಗಿಸಿ. ಆಯಿಲ್‌ನಲ್ಲಿ ಸತು-ರಂಜಕದ ಅಂಶ ಚೆನ್ನಾಗಿರಲಿ. ಈಗಿನ ಕಾರುಗಳ ತೆಳು ಆಯಿಲ್‌ನಲ್ಲಿ ಅದು ಕಡಿಮೆ. ಮೇಲೊಂದು ಬಾಟಲಿ ಪವಾಡದ ದ್ರವ ಸುರಿಯಬೇಡಿ. ಹೊತ್ತಿಕೊಂಡ ತಕ್ಷಣ ಐಡಲ್‌ಗೆ ಬಿಡದೆ 2000 ಆರ್‌ಪಿಎಂ ಆಸುಪಾಸಿನಲ್ಲಿ, ಸ್ವಲ್ಪ ಏರಿಸುತ್ತಾ ಇಳಿಸುತ್ತಾ 20 ನಿಮಿಷ ಓಡಿಸಿ. ಹಿಂದೆ ದೊಡ್ಡ ಫ್ಯಾನ್ ಇರಲಿ.

ನಂತರ ಮಿಕ್ಸ್ಚರ್. ಹೊಸ ಕ್ಯಾಮ್‌ಗೆ ಮೇಲಿನ ಆರ್‌ಪಿಎಂನಲ್ಲಿ ಗಾಳಿ ಜಾಸ್ತಿ ಬೇಕು, ಪೆಟ್ರೋಲೂ ಜಾಸ್ತಿ ಬೇಕು. ಕಂಟ್ರೋಲ್ ಪ್ರೆಷರ್ (ಕೆ-ಜೆಟ್ರಾನಿಕ್‌ನಲ್ಲಿ ಪೆಟ್ರೋಲ್ ಪ್ರಮಾಣ ಹಿಡಿತದಲ್ಲಿಡುವ ಒತ್ತಡ) ಅಳೆದು, ಎಕ್ಸಾಸ್ಟ್‌ನಲ್ಲಿ ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಸೆನ್ಸರ್ ಇಟ್ಟು ನೋಡುವವರೆಗೆ ಬೂಸ್ಟ್ ಏರಿಸುವ ಮಾತು ಬೇಡ. ಬೂಸ್ಟ್‌ನಲ್ಲಿ ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ ಕರಗುತ್ತದೆ. ಕೆಲವು ದಿನ ಓಡಿಸಿ ಆಯಿಲ್ ಬದಲಿಸಿ, ಫಿಲ್ಟರ್ ಕತ್ತರಿಸಿ ಲೋಹದ ಪುಡಿ ಇದೆಯಾ ನೋಡಿ, ವಾಲ್ವ್ ಸಂದು ಇನ್ನೊಮ್ಮೆ ಅಳೆಯಿರಿ. ಒಂದೇ ವಾಲ್ವ್‌ನ ಸಂದು ಮಾತ್ರ ದೊಡ್ಡದಾಗಿದ್ದರೆ ಸುಮ್ನೆ ಅಡ್ಜಸ್ಟ್ ಮಾಡಿ ಬಿಡಬೇಡಿ. ಆ ಲೋಬ್ ಸವೆಯುತ್ತಿದೆ, ಕವರ್ ತೆಗೆದು ರಾಕರ್ ಹೊರಗೆ ತಂದು ನೋಡಿ.